ಎಣ್ಣೆಯ ಕಥೆ ಕೇಳಲು ಬಂದವರು

"ಆ ಕರಿಮುಸುಡಿ ಕೈಯಾಗಿನ ನೀರು ನಾ ಕುಡೀಬೇಕನ? ಕುಡೀಬೇಕನಲೇ ಬೋಸುಡಿ?"

ಗುರುಶಾಂತಪ್ಪ ಉಗಿದ. ಲಕ್ವ ಹೊಡೆದ ಬಾಯಿ ಒಂದು ಕಡೆ ಜೋತುಬಿದ್ದಿತ್ತು. ಉಗುಳು, ಆರೈಕೆಗೆಂದು ಏಜೆನ್ಸಿ ಕಳಿಸಿದ್ದ ಆಫ್ರಿಕಾದ ಎಬಿಯೆರೆಯ ಮೇಲೆ ಹೋಗದೆ ಅವನ ಗದ್ದದಿಂದಲೇ ಇಳಿದು ಎದೆಗೆ ಬಂತು. ಎಬಿಯೆರೆ ಬಗ್ಗಿ ಅದನ್ನು ಬಟ್ಟೆಯಿಂದ ಒರೆಸಿದಳು. ಒರೆಸಲು ಆ ಕೈ ಆಗುತ್ತಿತ್ತು. ಬೆಳಿಗ್ಗೆ ಹೊರಳಿಸಿ ಮಲಗಿಸಿ ಕುಂಡಿ ತೊಳೆಯಲೂ ಆ ಕೈ ಆಗುತ್ತಿತ್ತು. ನೀರು ಕುಡಿಸಲು ಮಾತ್ರ ಆಗುತ್ತಿರಲಿಲ್ಲ.

"ಏನಂತೆ?" ಎಬಿಯೆರೆ ಇಂಗ್ಲಿಷಿನಲ್ಲಿ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ದ್ಯಾಮವ್ವ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, "ನೀರು ತಣ್ಣಗಿದೆಯಂತೆ," ಎಂದಳು.

"ಅಷ್ಟು ಹೇಳೋಕೆ ಇಷ್ಟೊಂದು ಮಾತು ಬೇಕಾ ನಿಮ್ಮ ಭಾಷೆಯಲ್ಲಿ?"

ದ್ಯಾಮವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಬಂದು, ಎಬಿಯೆರೆಯ ಕೈಯಿಂದ ಲೋಟ ತೆಗೆದುಕೊಂಡು ಮುದುಕನ ಬಾಯಿಗೆ ಹಿಡಿದಳು. ಅದೇ ಲೋಟ, ಅದೇ ನೀರು. ಮುದುಕ ಗಟಗಟ ಕುಡಿದ.

ಹೊಸಪೇಟೆಯ ಕಡೆ ಗುರುಶಾಂತಪ್ಪನ ದೊಡ್ಡ ಮನೆಯಲ್ಲಿ ದ್ಯಾಮವ್ವನ ಲೋಟ ಹಿತ್ತಲಿನ ಗೂಡಿನಲ್ಲಿರುತ್ತಿತ್ತು. ಅವಳು ಮುಟ್ಟಿದ ಕೊಡದ ನೀರನ್ನು ಆಕಳೂ ಕುಡಿಯಬಾರದೆಂಬಂತೆ ಚೆಲ್ಲುತ್ತಿದ್ದರು. ಇಲ್ಲಿ ಅಮೆರಿಕದ ಸ್ಯಾನ್ ರಮೋನಿನ ಮನೆಗೆ ಎಬಿಯೆರೆ ಬಂದ ದಿನದಿಂದ ದ್ಯಾಮವ್ವನ ಕೈ ಇದ್ದಕ್ಕಿದ್ದಂತೆ ಮೇಲ್ಜಾತಿಯಾಗಿಬಿಟ್ಟಿತ್ತು. ಮೊದಮೊದಲು ಅದು ಅವಳಿಗೆ ಹಿತವಾಗಿತ್ತು ಕೂಡ. ಲೋಟ ಹಿಡಿದು ನಡೆಯುವಾಗ ಅವಳ ಬೆನ್ನು ತುಸು ನೆಟ್ಟಗಾಗುತ್ತಿತ್ತು. ಆಮೇಲೆ ಒಂದು ದಿನ ಎಬಿಯೆರೆ ತನ್ನ ಊಟದ ಡಬ್ಬಿಯಿಂದ ಒಂದು ತುಂಡು ಮೀನು ತೆಗೆದು ಏನೂ ಕೇಳದೆ ಅವಳ ತಟ್ಟೆಗೆ ಹಾಕಿದಳು. ಗುರುಶಾಂತಪ್ಪನ ಮನೆಯಲ್ಲಿ ಎಷ್ಟೋ ವರ್ಷದಿಂದ ಉಂಡಿದ್ದ ದ್ಯಾಮವ್ವನ ತಟ್ಟೆಗೆ ತಮ್ಮ ತಟ್ಟೆಯಿಂದ ಯಾರೂ ಏನನ್ನೂ ಹಾಕಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಳ್ಳುವುದನ್ನು ಅವಳು ಬಿಟ್ಟಳು.

ಗುರುಶಾಂತಪ್ಪ ಅದಿರಿನ ಗಣಿಯ ಸಾವ್ಕಾರ. ಗುಡ್ಡದ ಮೇಲೆ ಅವನ ಗಣಿ, ಗುಡ್ಡದ ಕೆಳಗೆ ದ್ಯಾಮವ್ವನ ಜೋಳದ ಹೊಲ. ಮೇಲೆ ಅಗೆದ ಬೇಡದ ಮಣ್ಣನ್ನು ಎಲ್ಲಾದರೂ ಸುರಿಯಬೇಕಲ್ಲ, ಕೆಳಗೆ ಸುರಿದರು. ಹೊಲ ಹೂತುಹೋಯಿತು. ಗಣಿಯಲ್ಲಿ ಲಾರಿ ತುಂಬುತ್ತಿದ್ದ ಗಂಡ ಕೆಂಪು ಕೆಮ್ಮು ಕೆಮ್ಮುತ್ತಾ ಮೂಲೆ ಹಿಡಿದ, ಆ ಮೂಲೆಯಲ್ಲೇ ಸತ್ತ. ನ್ಯಾಯ ಕೇಳಲೆಂದು ದ್ಯಾಮವ್ವ ಸಾವ್ಕಾರನ ಮನೆಗೆ ಹೋದಾಗ ಊಟದ ಹೊತ್ತು. ಸಾವ್ಕಾರನ ಹೆಂಡತಿ ಅಂಬವ್ವ ಹಿತ್ತಲ ಬಾಗಿಲಿಗೆ ಬಂದು, "ಅವ್ರು ಉಣ್ಣಾಕ ಕುಂತಾರ. ಅಲ್ಲೀತಂಕ ಸುಮ್ನ ಯಾಕ ನಿಂದರ್ತಿ? ಇವಷ್ಟು ತಿಕ್ಕು," ಎಂದು ಮುಸುರೆ ಪಾತ್ರೆ ತೋರಿಸಿದಳು. ದ್ಯಾಮವ್ವ ತಿಕ್ಕಿದಳು. ಅವತ್ತಿನಿಂದ ತಿಕ್ಕುತ್ತಲೇ ಇದ್ದಳು; ಅವಳು ತಿಕ್ಕಿದ್ದಕ್ಕೆ ಮತ್ತೆ ನೀರು ಸುರಿದು ಒಳಗೆ ಒಯ್ಯುತ್ತಿದ್ದರು. ಅಂಬವ್ವ ತೀರಿಕೊಂಡು, ಸಾವ್ಕಾರನಿಗೆ ಲಕ್ವ ಹೊಡೆದಾಗ, ಮಗ ಅನಿಕೇತ ಬಂದು ಅಪ್ಪನನ್ನು ಅಮೆರಿಕಕ್ಕೆ ಕರೆದುಕೊಂಡು ಹೊರಟ. ಅಪ್ಪನ ಗಾಲಿಕುರ್ಚಿಯ ಜೊತೆ ದ್ಯಾಮವ್ವನೂ ಬಂದಳು. ವಿಮಾನ ಇಳಿದ ಕೂಡಲೇ ಅವಳ ಪಾಸ್‌ಪೋರ್ಟು ಅನಿಕೇತನ ಕೋಣೆಯ ಕಪಾಟು ಸೇರಿತು.

ಅನಿಕೇತ ಅಪ್ಪನಿಗಿಂತ ಓದಿದವನು, ಆದ್ದರಿಂದ ಗುಡ್ಡ ಬಿಟ್ಟು ಎಣ್ಣೆಗೆ ಕೈ ಹಾಕಿದ್ದ. ಅವನು ಕೆಲಸ ಮಾಡುತ್ತಿದ್ದ ತೈಲ ಕಂಪನಿಗೆ ಆಫ್ರಿಕಾದಲ್ಲಿ ಬಾವಿಗಳಿದ್ದವು. ಬಾವಿಯ ಸುತ್ತಲಿನ ಜನ ತಕರಾರು ತೆಗೆದಾಗ ಅವರನ್ನು ಸಮಾಧಾನ ಮಾಡುವ ವಿಭಾಗಕ್ಕೆ ಅವನು ಮುಖ್ಯಸ್ಥ. ಹೆಂಡತಿ ಸ್ನೇಹಲ್ ಬೆಳಗಾವಿಯವಳು. ಕಚೇರಿಗೆ ಹೋಗುವುದು ಬಿಟ್ಟ ಮೇಲೆ ಕನ್ನಡಿಗರ ಓದುಬಳಗವೊಂದನ್ನು ಕಟ್ಟಿದ್ದಳು. ತಿಂಗಳಿಗೊಂದು ಮನೆಯಲ್ಲಿ ಸೇರಿ, ದುಃಖದ ಪುಸ್ತಕವೊಂದನ್ನು ಓದಿ, ತಿಂಡಿ ತಿಂದು ಹೋಗುತ್ತಿದ್ದರು.

ಆ ಮಧ್ಯಾಹ್ನ ಮುದುಕ ಮಲಗಿದ ಮೇಲೆ ಇಬ್ಬರು ಹೆಂಗಸರೂ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಎದುರಿಗೆ ಒಣಹುಲ್ಲಿನ ಬೋಳು ಗುಡ್ಡಗಳು. ದ್ಯಾಮವ್ವ ಅನಿಕೇತನ ಅಂಗಿಗಳನ್ನು ಮಡಿಚುತ್ತಿದ್ದಳು. ಅಂಗಿಯೊಂದರ ಎದೆಯ ಮೇಲೆ ಕಂಪನಿಯ ಗುರುತು ಹೊಲಿದಿತ್ತು.

ಎಬಿಯೆರೆ ಅದರ ಮೇಲೆ ಬೆರಳಿಟ್ಟಳು. "ಇದು ನಮ್ಮೂರಿನ ಗೇಟಿನ ಮೇಲಿತ್ತು."

"ಇದಾ?"

"ಇದೇ. ಈ ಮನೆಗೆ ಬಂದ ಮೊದಲ ದಿನವೇ ನೋಡಿದೆ. ಏಜೆನ್ಸಿಯವರು ಕಳಿಸಿದ ಕಡೆ ಹೋಗಬೇಕು, ಬಂದೆ." ಅವಳು ಬೆರಳನ್ನು ಉಡುಪಿಗೆ ಒರೆಸಿಕೊಂಡಳು. "ನಮ್ಮ ಹೊಳೆ ಕೊಂದವರ ಅಪ್ಪನ ಅಂಡು ತೊಳೀತಿದ್ದೀನಿ."

ದ್ಯಾಮವ್ವ ಅಂಗಿ ಮಡಿಚುವುದನ್ನು ನಿಲ್ಲಿಸಿದಳು. ಹೇಳಲು ಇಂಗ್ಲಿಷು ಸಾಲಲಿಲ್ಲ. ಕೈಯಿಂದ ಗುಡ್ಡ ತೋರಿಸಿದಳು, ಗುಡ್ಡದ ಕೆಳಗೆ ತನ್ನ ಹೊಲ ತೋರಿಸಿದಳು, ಹೊಲದ ಮೇಲೆ ಮಣ್ಣು ಸುರಿದಳು. ಎದೆ ಹಿಡಿದು ಕೆಮ್ಮಿ, "ಗಂಡ" ಎಂದಳು. ಆಮೇಲೆ ಮುದುಕನ ಕೋಣೆಯತ್ತ ಹೆಬ್ಬೆರಳು ತಿರುಗಿಸಿದಳು.

"ಇವನೇ?"

"ಇವನೇ."

ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ಅದು ಚೆನ್ನಾದ ನಗುವೇನೂ ಆಗಿರಲಿಲ್ಲ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಸ್ನೇಹಲ್ ಅಲ್ಲಿ ನಿಂತು ಎಬಿಯೆರೆಯ ಮಾತಷ್ಟನ್ನೂ ಕೇಳಿಸಿಕೊಂಡಿದ್ದಳು. ಅವಳು ಓಡಿಬಂದ ರೀತಿ ನೋಡಿ ಮನೆಗೆ ಬೆಂಕಿ ಬಿತ್ತೇನೋ ಎಂದು ದ್ಯಾಮವ್ವ ಎದ್ದು ನಿಂತಳು.

"ಓ ಮೈ ಗಾಡ್, ಎಬಿಯೆರೆ! ನೀವು ಆ ಎಣ್ಣೆ ಬಾವಿಗಳ ಡೆಲ್ಟಾದವರಾ? ನೀವು ಅಲ್ಲಿಯವರಾ, ನಿಜವಾಗಲೂ?" ಅವಳ ಕಣ್ಣು ಹೊಳೆಯುತ್ತಿತ್ತು. "ಈ ಶನಿವಾರ ನಮ್ಮ ವಿಷಯವೇ ಅದು!"

ವಿಷಯದ ಹೆಸರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯ ಮೇಲಿತ್ತು: ತೈಲ, ದುರಾಸೆ ಮತ್ತು ವಸಾಹತುಶಾಹಿಯ ಪಳೆಯುಳಿಕೆ, ಆಫ್ರಿಕಾದ ಸಣ್ಣಕಥೆಗಳು. ಬರ್ಕ್ಲಿಯಿಂದ ಅನುರಾಗ್ ಎಂಬ ಸಂಶೋಧಕ ಬಂದು ಮಾತಾಡುವವನಿದ್ದ. ಈಗ ಸ್ನೇಹಲ್‌ಗೆ ಸಂಶೋಧಕನ ಜೊತೆ ಒಂದು ಜೀವಂತ ಕಥೆಯೂ ಸಿಕ್ಕಿತ್ತು, ಅದೂ ತನ್ನ ಮನೆಯಲ್ಲೇ, ಸಂಬಳ ಕೊಟ್ಟು ಇಟ್ಟುಕೊಂಡದ್ದು.

"ನೀವು ಬಂದು ಬರೀ ಹತ್ತು ನಿಮಿಷ ಹೇಳಿದರೆ ಸಾಕು. ನಿಮ್ಮೂರಿನ ಡ್ರೆಸ್ಸು ಇದ್ದರೆ ಹಾಕಿಕೊಂಡು ಬನ್ನಿ, ತಲೆಗೆ ಸುತ್ತುತ್ತಾರಲ್ಲ, ಬಣ್ಣಬಣ್ಣದ್ದು."

"ನಾನು ಕೆಲಸಕ್ಕೆ ಬರೋದು, ಮೇಡಂ."

"ಅದೇ, ಅದೂ ಕೆಲಸದ ಹೊತ್ತಿನಲ್ಲೇ."

ಸಂಜೆ ಅನಿಕೇತನಿಗೆ ವಿಷಯ ಗೊತ್ತಾಯಿತು. ಗಂಡ ಹೆಂಡತಿಯ ಜಗಳ ಅಡುಗೆಮನೆಯಲ್ಲೇ ನಡೆಯಿತು. ಅಲ್ಲಿ ದ್ಯಾಮವ್ವ ಇದ್ದದ್ದು ಇಬ್ಬರಿಗೂ ಲೆಕ್ಕಕ್ಕಿರಲಿಲ್ಲ.

"ನಿನಗ ತಲಿ ಕೆಟ್ಟದನ? ನಮ್ಮ ಆಫೀಸಿನ ಮಂದೀನೂ ಬರ್ತಾರ. ಆಕಿ ಕಂಪನಿ ಹೆಸರು ಎತ್ತಿದ್ರ?"

"ಇಟ್ಸ್ ಲಿಟರೇಚರ್, ಅನಿ. ಕಥಿ. ಕಥಿಗೆ ಯಾರರ ಹೆದರ್ತಾರನು?"

ಮರುದಿನ ಅನಿಕೇತ ಎಬಿಯೆರೆಯನ್ನು ತಾನೇ ಕರೆದು ಕುರ್ಚಿಯಲ್ಲಿ ಕೂರಿಸಿ, ಕಾಫಿ ಬೇಕೇ ಎಂದು ಕೇಳಿ, ಬಹಳ ಮೃದುವಾಗಿ ಇಂಗ್ಲಿಷಿನಲ್ಲಿ ಹೇಳಿದ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆ ಜನರ ಜೊತೆಗೇ ನನ್ನ ಕೆಲಸ, ಕಂಪನಿಯ ಹೆಸರೊಂದು ಬೇಡ, ನಿಮ್ಮ ಏಜೆನ್ಸಿಗೆ ನಾನು ಯಾವತ್ತೂ ಒಳ್ಳೆಯ ಮಾತೇ ಹೇಳುತ್ತಾ ಬಂದಿದ್ದೇನೆ, ಮುಂದೆಯೂ ಹೇಳಬೇಕೆಂದಿದೆ. ಕಾಫಿ ಬೇಡವೆಂದು ಅವಳು ಎದ್ದಳು. ಅವಳು ಹೋದ ಮೇಲೆ ಅವನು ದ್ಯಾಮವ್ವನ ಕಡೆ ತಿರುಗಿದ. ಅವಳಿಗೆ ಮೃದು ಮಾತು ಬೇಕಿರಲಿಲ್ಲ.

"ಆಕಿ ಜೋಡಿ ಏನಲೇ ನಿಂದು ಪಂಚಾಯ್ತಿ? ಬಾಯಿ ಮುಚಗೊಂಡು ಬಿದ್ದಿರು. ಪಾಸ್‌ಪೋರ್ಟು ಎಲ್ಲೈತಿ ಗೊತ್ತೈತಿಲ್ಲ? ಪೊಲೀಸ್ರು ಹಿಡಕೊಂಡು ಹೋದ್ರ ಬಿಡಿಸ್ಕೊಂಡು ಬರಾಕ ನಿನ್ನ ಗಂಡ ಬರ್ತಾನೇನು?"

ದ್ಯಾಮವ್ವ ಸೌಟು ತಿರುವುತ್ತಾ ನಿಂತಳು. ಸತ್ತ ಗಂಡನನ್ನು ಹೀಗೆ ಮಾತಿಗೆ ಎಳೆದು ತಂದದ್ದು ಅವಳ ಎದೆಯೊಳಗೆ ಎಲ್ಲೋ ಹೋಗಿ ಕೂತಿತು.

ಶನಿವಾರ ಮಧ್ಯಾಹ್ನ ಮನೆ ತುಂಬಿತು. ಓಣಿಯ ಉದ್ದಕ್ಕೂ ಸದ್ದೇ ಮಾಡದ ಬ್ಯಾಟರಿ ಕಾರುಗಳು ಬಂದು ನಿಂತವು. ಅನಿಕೇತ ಆಫೀಸಿನ ಇಬ್ಬರನ್ನು ಬಾಗಿಲಲ್ಲೇ ಎದುರುಗೊಂಡು, ಮನೆ ತೋರಿಸುವ ನೆವದಲ್ಲಿ ಹಿತ್ತಲಿಗೆ ಕರೆದುಕೊಂಡು ಹೋದ. ಕ್ಯುಪರ್ಟಿನೋದಿಂದ ಬಂದ ಡಾಕ್ಟರು ಸಂಯುಕ್ತಾ ಬಿಳಿ ಸೋಫಾದ ನಡುವೆ ಕೂತರು. ದ್ಯಾಮವ್ವ ಬಿಸಿಬಿಸಿ ಮಿರ್ಚಿ ಕರಿದು ತಂದಿಟ್ಟ ಹಾಗೆಲ್ಲ ಅವರು ಒಂದೊಂದನ್ನೂ ಟಿಶ್ಯೂ ಪೇಪರಿನಲ್ಲಿ ಸುತ್ತಿ ಹಿಂಡುತ್ತಿದ್ದರು.

"ಎಣ್ಣೆ ಸ್ವಲ್ಪ ಜಾಸ್ತಿ ಅಲ್ವಾ? ಟೇಸ್ಟು ಮಾತ್ರ ಸೂಪರ್. ಸ್ನೇಹಲ್, ಇವರನ್ನ ನಮ್ಮ ಮನೆಗೆ ಎರಡು ದಿನ ಕಳಿಸ್ರೀ, ಪ್ಲೀಸ್. ನಮಗೆ ಇಂಥೋರು ಸಿಗೋದೇ ಇಲ್ಲ."

"ಕಳಸ್ತೀನ್ರೀ, ಮುಂದಿನ ವಾರ ಕರಕೊಂಡು ಹೋಗ್ರಿ," ಎಂದಳು ಸ್ನೇಹಲ್, ಕುಕ್ಕರು ಕಡ ಕೊಡುವ ಮಾತಾಡುವಂತೆ.

ಅನುರಾಗ್ ಮಾತಾಡಿದ. ತೆಳ್ಳಗಿನ ಹುಡುಗ, ಒಳ್ಳೆಯ ದನಿ. ವಸಾಹತುಶಾಹಿ ಹೋದರೂ ಅದರ ಕೊಳವೆಗಳು ಉಳಿದವು, ಈ ಕಥೆಗಳಲ್ಲಿ ಎಣ್ಣೆಯೇ ಒಂದು ಪಾತ್ರ, ಹೀಗೆಲ್ಲ ಹೇಳಿದ. ಎಲ್ಲರೂ ತಲೆದೂಗಿದರು. ಯಾರೋ ಒಬ್ಬರು, ನಮ್ಮನ್ನೂ ಬ್ರಿಟಿಷರು ಆಳಿದ್ದರಿಂದ ಈ ನೋವು ನಮಗೆ ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ ಎಂದರು. ಸಂಯುಕ್ತಾ ತಾವು ಒಂದು ಕಥೆ ಓದಿ ಮುಗಿಸಿದಾಗ ಅತ್ತುಬಿಟ್ಟದ್ದನ್ನು ಹೇಳಿದರು. ಅವರ ಮುಂದೆ ಎಣ್ಣೆ ಕುಡಿದ ಟಿಶ್ಯೂಗಳು ಗುಡ್ಡೆಯಾಗಿದ್ದವು.

ಸ್ನೇಹಲ್ ಎಬಿಯೆರೆಯನ್ನು ಕರೆದಳು. ಅವಳು ಬಣ್ಣದ ಬಟ್ಟೆ ಸುತ್ತಿಕೊಂಡಿರಲಿಲ್ಲ. ಏಜೆನ್ಸಿಯ ನೀಲಿ ಉಡುಪಿನಲ್ಲೇ, ಮುದುಕನ ಕೋಣೆಯಿಂದ ಎದ್ದು ಬಂದವಳು ಹಾಗೇ ಬಂದು ಬೆಂಕಿಗೂಡಿನ ಪಕ್ಕ ನಿಂತಳು. ಕೂರಲು ಯಾರೂ ಹೇಳಲಿಲ್ಲ. ಕೆಲವರು ಫೋನು ಎತ್ತಿ ಹಿಡಿದರು.

"ನಮ್ಮಜ್ಜಿಯ ಕಾಲದಲ್ಲಿ ಎಣ್ಣೆ ಮರದಲ್ಲಿತ್ತು," ಎಂದು ಎಬಿಯೆರೆ ಶುರುಮಾಡಿದಳು. "ತಾಳೆ ಎಣ್ಣೆ. ಅದಕ್ಕೆ ಬಿಳಿಯರು ಬಂದರು. ಆಮೇಲೆ ನೆಲದೊಳಗೆ ಸಿಕ್ಕಿತು. ಅದಕ್ಕೆ ಬೇರೆ ಬಿಳಿಯರು ಬಂದರು. ಈಗ ಎಲ್ಲ ಬಣ್ಣದವರೂ ಬರುತ್ತಾರೆ."

ಆಫೀಸಿನವರ ಜೊತೆ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದ ಅನಿಕೇತ ಕೆಮ್ಮಿದ. ಎಬಿಯೆರೆ ಆ ಕಡೆ ನೋಡಲಿಲ್ಲ.

ಅವಳ ಊರಿನ ಮನೆಯ ಹಿತ್ತಲಿನ ಗೆಣಸಿನ ಹೊಲದಲ್ಲೇ ಎಣ್ಣೆಯ ಕೊಳವೆ ಹೋಗಿತ್ತು. ಊರಾಚೆ ಗ್ಯಾಸು ಉರಿಯುವ ಕಂಬ ಹಗಲೂ ಇರುಳೂ ಉರಿಯುತ್ತಿತ್ತು; ಊರಿನ ಮಕ್ಕಳಿಗೆ ಕತ್ತಲೆಂದರೆ ಗೊತ್ತಿರಲಿಲ್ಲ. ಹೊಳೆಯ ಮೀನು ಬೇಯಿಸಿದರೆ ಸೀಮೆಎಣ್ಣೆಯ ವಾಸನೆ. ಆಮೇಲೆ ಮೀನೂ ಇಲ್ಲ. ಒಂದು ಬೆಳಿಗ್ಗೆ ಕೊಳವೆ ಒಡೆಯಿತು. ಕಂಪನಿಗೆ ಹೇಳಿಕಳಿಸಿದರು, ಯಾರೂ ಬರಲಿಲ್ಲ. ಎಣ್ಣೆ ಹರಿಯುತ್ತಲೇ ಇತ್ತು. ಕೊನೆಗೆ ಜನ ಬಕೆಟ್ಟು ಹಿಡಿದು ಹೋದರು.

"ನನ್ನ ತಮ್ಮ ತಾರಿ ಅಡುಗೆಮನೆಯ ದೊಡ್ಡ ಪಾತ್ರೆ ಹಿಡಿದುಕೊಂಡು ಹೋದ. ಬೇಡ ಅಂದೆ. ಅಕ್ಕಾ, ನಮ್ಮ ಹೊಲದ್ದೇ ತಾನೆ ಅಂದ. ಮೊಣಕಾಲುದ್ದ ಎಣ್ಣೆಯಲ್ಲಿ ನಿಂತು ತುಂಬುತ್ತಿದ್ದ. ಯಾರೋ ಕಿಡಿ..."

"ಹೇತ್ಕೊಂಡೀನಿ! ಬರ್ರಲೇ ಯಾರರ! ಎಲ್ಲಿ ಸತ್ರಿ ರಂಡೇರಾ?"

ಮುದುಕನ ಕೋಣೆ ಪಕ್ಕದಲ್ಲೇ ಇತ್ತು. ಬಂದವರೆಲ್ಲ ಕನ್ನಡದವರು, ಒಬ್ಬರಿಗೂ ತರ್ಜುಮೆ ಬೇಕಿರಲಿಲ್ಲ. ಯಾರೋ ಮೂಗಿಗೆ ಮೊದಲೇ ಕೈ ಒಯ್ದರು. ಸ್ನೇಹಲ್‌ಳ ಮುಖ ಕೆಂಪಾಯಿತು. ಅವಳು ಎದ್ದು ಚಪ್ಪಾಳೆ ತಟ್ಟುವವಳಂತೆ ಕೈ ಜೋಡಿಸಿದಳು.

"ಸೋ ಸಾರಿ. ಎಬಿಯೆರೆ, ಐದೇ ನಿಮಿಷ, ಅವರನ್ನೊಂದು ನೋಡಿಬಿಡಿ. ನಾವು ಅಲ್ಲಿತನಕ ಕಾಫಿ ಬ್ರೇಕ್ ತಗೊಳ್ಳೋಣ. ಆಮೇಲೆ ಇಲ್ಲಿಂದಲೇ ಮುಂದುವರಿಸೋಣ."

ಕೆಲವರು ಆಗಲೇ ಏಳುತ್ತಿದ್ದರು.

"ನನ್ನ ತಮ್ಮ ಇನ್ನೂ ಉರೀತಿದ್ದಾನೆ, ಮೇಡಂ," ಎಂದಳು ಎಬಿಯೆರೆ. "ಅವನನ್ನ ಬೆಂಕಿಯಲ್ಲಿ ಬಿಟ್ಟು ನಾನು ಎಲ್ಲಿಗೂ ಹೋಗೋದಿಲ್ಲ."

ಎದ್ದವರು ಅರ್ಧಕ್ಕೇ ನಿಂತರು. ಕೂರುವುದೋ ಏಳುವುದೋ ತಿಳಿಯಲಿಲ್ಲ. ಅನುರಾಗ್ ತನ್ನ ಹಾಳೆಗಳನ್ನು ಸರಿಮಾಡಿಕೊಂಡ.

ಸ್ನೇಹಲ್ ಕನ್ನಡಕ್ಕೆ ತಿರುಗಿದಳು. ದನಿ ಹಲ್ಲಿನ ಸಂದಿಯಿಂದ ಬಂತು. "ದ್ಯಾಮವ್ವ, ಏನು ನಿಂತು ನೋಡಾಕತ್ತಿ? ಲಗೂನ ಹೋಗು. ತೊಳಿ ಹೋಗು."

ದ್ಯಾಮವ್ವನ ಕೈಯಲ್ಲಿ ಮಿರ್ಚಿಯ ತಟ್ಟೆಯಿತ್ತು. ಅವಳ ಕಾಲು ಅಭ್ಯಾಸಬಲದಿಂದ ಕೋಣೆಯ ಕಡೆ ಒಂದು ಹೆಜ್ಜೆ ಇಟ್ಟಿತು ಕೂಡ. ಎಬಿಯೆರೆ ಅವಳನ್ನು ನೋಡುತ್ತಿದ್ದಳು. ಕೇಳುವ ನೋಟವಲ್ಲ, ತಡೆಯುವ ನೋಟವೂ ಅಲ್ಲ; ಮೊಣಕಾಲುದ್ದ ಎಣ್ಣೆಯಲ್ಲಿ ನಿಂತ ತಮ್ಮನ ಎದುರು ಒಬ್ಬಳೇ ನಿಂತವಳ ನೋಟ. ದ್ಯಾಮವ್ವ ತಿರುಗಿದಳು. ಸೋಫಾದ ಹತ್ತಿರ ಹೋಗಿ, ಸಂಯುಕ್ತಾರ ಪಕ್ಕ ಖಾಲಿಯಿದ್ದ ಜಾಗದಲ್ಲಿ ಕೂತಳು. ಈ ಮನೆಯಲ್ಲಿ ಅವಳು ಆ ಸೋಫಾವನ್ನು ಒರೆಸಿದ್ದಳೇ ಹೊರತು ಕೂತಿರಲಿಲ್ಲ. ಸಂಯುಕ್ತಾ ಸೀರೆ ಎಳೆದುಕೊಂಡು ಸರಿದರು.

"ಮುಂದ?" ಎಂದಳು ದ್ಯಾಮವ್ವ. ಎಬಿಯೆರೆಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಕೇಳಿದಳು. "ಆಮೇಲೆ?"

"ಏ ದ್ಯಾಮೀ!" ಅನಿಕೇತ ಒಳಗೆ ನುಗ್ಗಿ ಬಂದ. "ಏಳು ಮ್ಯಾಲೆ! ಸೊಕ್ಕು ಬಂತನಲೇ ನಿನಗ? ಹೋಗಿ ಅಪ್ಪನ್ನ ನೋಡು!"

"ಯಾರ ಅಪ್ಪನ್ನ?"

"ಏನಂದಿ?"

"ನಿಮ್ಮಪ್ಪ ಅದಾನ, ನೀವ ತೊಳೀರಿ. ಬಕೀಟು ಬಚ್ಚಲದಾಗೈತಿ."

ಒಳಗಿಂದ ಮುದುಕ ಮತ್ತೆ ಅರಚಿದ. ವಾಸನೆ ಹಾಲಿನ ತನಕ ಬಂತು; ಅದಕ್ಕೆ ಸಾವ್ಕಾರ, ಅತಿಥಿ ಎಂಬ ಭೇದವಿರಲಿಲ್ಲ. ಅನಿಕೇತ ಆಫೀಸಿನವರ ಮುಖ ನೋಡಿದ, ಅವರು ನೆಲ ನೋಡುತ್ತಿದ್ದರು. ಹೆಂಡತಿಯ ಮುಖ ನೋಡಿದ, ಅವಳು ಕಿಟಕಿ ತೆರೆಯುತ್ತಿದ್ದಳು. ಆಮೇಲೆ ಬೇರೆ ದಾರಿ ಕಾಣದೆ ಅಂಗಿಯ ತೋಳು ಮಡಿಚುತ್ತಾ ಕೋಣೆಗೆ ಹೋದ.

"ನೀ ಯಾಕ ಬಂದ್ಯೋ ಭಾಡ್ಯಾ? ನಿನಗೇನ ಗೊತ್ತೈತಿ? ಎತ್ತಾಕ ಬರೂದಿಲ್ಲ, ಹಿಡಿಯಾಕ ಬರೂದಿಲ್ಲ! ಆ ಕರಿಮುಸುಡೀನ ಕಳಸಲೇ! ಆಕೀನ ಕರಿಯೋ!"

ಆಮೇಲೆ ಅನಿಕೇತ ವಾಂತಿ ಮಾಡುವ ಸದ್ದು ಕೇಳಿತು.

ಎಬಿಯೆರೆ ಹೇಳಿ ಮುಗಿಸಿದಳು. ಸದ್ದಿಗೆ ದನಿ ಏರಿಸಲಿಲ್ಲ, ಅವಸರವೂ ಮಾಡಲಿಲ್ಲ. ಸುಟ್ಟವರಲ್ಲಿ ಯಾರು ಯಾರೆಂದು ಗುರುತು ಸಿಗದೆ ಎಲ್ಲರನ್ನೂ ಒಂದೇ ಗುಂಡಿಗೆ ಹಾಕಿದರು. ಅವಳ ತಾಯಿ ಗುಂಡಿಯ ಸುತ್ತ ನಡೆಯುತ್ತಾ ತಾರಿ, ತಾರಿ ಎಂದು ಕೂಗಿದಳು, ಯಾವ ಕಡೆಯಿಂದಾದರೂ ಓ ಎನ್ನುತ್ತಾನೇನೋ ಎಂದು. ಕೆಲವು ದಿನದ ಮೇಲೆ ಕಂಪನಿಯಿಂದ ಒಬ್ಬ ಬಂದ. ಮೃದು ಮಾತಿನವನು. ಕೊಳವೆ ಒಡೆದದ್ದು ನೀವೇ, ಕಳ್ಳರು ನೀವೇ, ಆದರೂ ನಮಗೆ ದುಃಖವಾಗಿದೆ ಎಂದು ಹೇಳಿ ಅಕ್ಕಿ ಚೀಲ ಹಂಚಿ ಫೋಟೋ ತೆಗೆಸಿಕೊಂಡು ಹೋದ.

"ಇಷ್ಟೇ," ಎಂದಳು.

"ವೆರಿ ಪವರ್‌ಫುಲ್," ಎಂದ ಅನುರಾಗ್. ಬೇರೆ ಏನು ಹೇಳಬೇಕೆಂದು ಅವನಿಗೆ ತೋಚಿದ್ದರೆ ಹೇಳುತ್ತಿದ್ದನೇನೋ.

ದ್ಯಾಮವ್ವ ಸರಿದು ಜಾಗ ಮಾಡಿದಳು. ಎಬಿಯೆರೆ ಬಂದು ಕೂತಳು. ಇಬ್ಬರ ನಡುವೆ ತಟ್ಟೆಯಿತ್ತು. ದ್ಯಾಮವ್ವ ಒಂದು ಮಿರ್ಚಿ ಅವಳಿಗೆ ಕೊಟ್ಟು ತಾನೊಂದು ಕಚ್ಚಿದಳು. ಟಿಶ್ಯೂ ಪೇಪರಿನ ಕಡೆ ಇಬ್ಬರೂ ಕೈ ಚಾಚಲಿಲ್ಲ.

ಅನಿಕೇತ ಹೊರಬಂದಾಗ ಅವನ ಅಂಗಿಯ ಮುಂಭಾಗ ಒದ್ದೆಯಾಗಿತ್ತು. "ಔಟ್," ಎಂದ. "ಇಬ್ಬರೂ. ಈಗಿಂದೀಗ."

"ಹೊಕ್ಕೀವಿ. ತಿನ್ನೂದು ಮುಗೀಲಿ," ಎಂದಳು ದ್ಯಾಮವ್ವ. ಅಗಿದು ನುಂಗಿ ಎದ್ದಳು. "ನನ್ನ ಪಾಸ್‌ಪೋರ್ಟು ತರ್ರಿ. ಕೈ ತೊಳಕೊಂಡು ತರ್ರಿ."

"ಕೊಡೂದಿಲ್ಲ. ಏನ್ ಹರಕೋತಿ ಹರಕೋ. ಅದಿಲ್ಲದ ಬೀದ್ಯಾಗ ಸಾಯಿ."

ಇಷ್ಟು ಜನರ ಎದುರು ಹೇಳಬಾರದಿತ್ತೆಂದು ಹೇಳಿದ ಮೇಲೆ ಅವನಿಗೆ ಹೊಳೆಯಿತು. ಡಾಕ್ಟರು, ಸಂಶೋಧಕ, ಆಫೀಸಿನವರು ಎಲ್ಲರೂ ಕೇಳಿಸಿಕೊಂಡಿದ್ದರು. ಯಾರೂ ಏನೂ ಕೇಳಲಿಲ್ಲ.

"ಇಟಗೋರಿ," ಎಂದಳು ದ್ಯಾಮವ್ವ. "ನಿಮ್ಮಪ್ಪನ ಕೆಳಗ ಹಾಸ್ರಿ."

ಅವಳು ತನ್ನ ಬಟ್ಟೆಯ ಚೀಲವೊಂದನ್ನು ತಂದುಕೊಂಡಳು. ಇಬ್ಬರೂ ಮುಂಬಾಗಿಲಿನಿಂದಲೇ ಹೊರಗೆ ಬಂದರು.

ಎಬಿಯೆರೆಯ ಹಳೆಯ ಕಾರು ಗ್ಯಾರೇಜಿನ ಎದುರು ಗೋಡೆಗೆ ಒತ್ತಿ ನಿಂತಿತ್ತು. ಅದರ ಹಿಂದೆ ಅತಿಥಿಗಳ ಹೊಳೆಯುವ ಕಾರುಗಳು ಸಾಲಾಗಿ, ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹೊರಡಲು ದಾರಿಯಿರಲಿಲ್ಲ. ಒಳಗಿನವರು ಕಿಟಕಿಯಿಂದ ನೋಡುತ್ತಿದ್ದರು. ಹೊರಬಂದು ಕಾರು ತೆಗೆದರೆ ಆ ಹೆಂಗಸರ ಪಕ್ಷ ವಹಿಸಿದಂತೆ, ತೆಗೆಯದಿದ್ದರೆ ಅವರು ಇಲ್ಲೇ ಇರುತ್ತಾರೆ. ಓದುಬಳಗ ಯೋಚನೆಗೆ ಬಿತ್ತು. ಸ್ನೇಹಲ್ ಫೋನಿನಲ್ಲಿ ಯಾರಿಗೋ ಏನೋ ಹೇಳುತ್ತಿದ್ದಳು, ಏಜೆನ್ಸಿಗೋ, ಪೊಲೀಸರಿಗೋ.

"ಎಲ್ಲಿಗೆ ಹೋಗೋದು?" ಎಂದು ದ್ಯಾಮವ್ವ ಕೇಳಿದಳು.

"ಮೊದಲು ಹೊರಗೆ," ಎಂದಳು ಎಬಿಯೆರೆ. ಎಂಜಿನ್ ಶುರುಮಾಡಿ ಹಾರ್ನ್ ಒತ್ತಿದಳು.

ಹಾರ್ನ್ ಒತ್ತುವುದನ್ನು ಬೈಗುಳವೆಂದು ತಿಳಿಯುವ ಓಣಿ ಅದು. ಎದುರು ಮನೆಯ ಪರದೆ ಅಲುಗಿತು. ಪಕ್ಕದ ಮನೆಯ ನಾಯಿ ಬೊಗಳಿತು. ಯಾರೂ ಹೊರಬರಲಿಲ್ಲ. ಎಬಿಯೆರೆ ಕೈ ತೆಗೆದು ದಣಿದವಳಂತೆ ಹಿಂದಕ್ಕೆ ಒರಗಿದಳು.

ದ್ಯಾಮವ್ವ ಪಕ್ಕದ ಸೀಟಿನಿಂದ ಬಾಗಿ ತನ್ನ ಕೈಯನ್ನು ಹಾರ್ನಿನ ಮೇಲಿಟ್ಟು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಒಂದೊಂದೇ ಮನೆಯ ಬಾಗಿಲು ತೆರೆಯಿತು. ಅವಳು ಕೈ ತೆಗೆಯಲಿಲ್ಲ.